ಉತ್ತರಕ್ಕೆ ಕಾಯುವ ಯಂತ್ರ: ಯಾದಗಿರಿ, ಶಹಾಪುರ, ಸುರಪುರದ ತರಗತಿಗಳಲ್ಲಿ ತಂತ್ರಜ್ಞಾನ ಮತ್ತು ಭಾಷೆ

ಶಾಲಾ ಪಠ್ಯಪುಸ್ತಕವನ್ನು ಒಂದು ಕೃತಿಯೆಂದೇ ಪರಿಗಣಿಸಿ ವಿಮರ್ಶಿಸುವ ಪರಿಪಾಠ ಕನ್ನಡದಲ್ಲಿ ಹೊಸದೇನಲ್ಲ. ಯಾವ ಪಾಠ ಸೇರಿತು, ಯಾವುದನ್ನು ಕೈಬಿಡಲಾಯಿತು, ಯಾವ ಪ್ರದೇಶದ ಬರೆಹಗಾರರಿಗೆ ಎಷ್ಟು ಪುಟ ದೊರೆಯಿತು ಎಂಬ ಪ್ರಶ್ನೆಗಳು ಪತ್ರಿಕೆಗಳಲ್ಲಿಯೂ ವೇದಿಕೆಗಳಲ್ಲಿಯೂ ಮತ್ತೆ ಮತ್ತೆ ಚರ್ಚೆಗೆ ಬಂದಿವೆ. ೨೦೨೨ರ ಪಠ್ಯ ಪರಿಷ್ಕರಣೆಯ ಸಂದರ್ಭದಲ್ಲಿ ಈ ಚರ್ಚೆ ತಿಂಗಳುಗಟ್ಟಲೆ ನಡೆಯಿತು. ಆದರೆ ಕಳೆದ ಎರಡೂವರೆ ದಶಕಗಳಲ್ಲಿ ಪಠ್ಯಪುಸ್ತಕದ ಪಕ್ಕದಲ್ಲಿಯೇ ಬಂದು ಕುಳಿತ ಬಾನುಲಿ ಪಾಠ, ಸಿ.ಡಿ. ಪಾಠ, ಉಪಗ್ರಹ ಪಾಠ, ಮೊಬೈಲ್ ಪಾಠಗಳನ್ನು ಇದೇ ಬಗೆಯ ವಿಮರ್ಶೆಗೆ ಒಳಪಡಿಸಿದ್ದು ತೀರ ಕಡಿಮೆ. ಅವುಗಳ ಬಗೆಗೆ ನಡೆದ ಚರ್ಚೆಯೆಲ್ಲ ಯೋಜನೆಯ ಚರ್ಚೆಯೇ. ಎಷ್ಟು ಶಾಲೆಗಳಿಗೆ ಯಂತ್ರ ತಲುಪಿತು, ಎಷ್ಟು ಕೆಟ್ಟು ನಿಂತಿವೆ, ಎಷ್ಟು ಹಣ ವೆಚ್ಚವಾಯಿತು ಎಂಬುದರ ಆಚೆಗೆ ಅದು ಹೋಗುವುದಿಲ್ಲ. ಆ ಯಂತ್ರ ಮಗುವಿನೊಡನೆ ಏನು ಮಾತನಾಡಿತು, ಯಾವ ಕನ್ನಡದಲ್ಲಿ ಮಾತನಾಡಿತು, ಮಾತನಾಡಿದ ಮೇಲೆ ಮಗುವಿನ ಉತ್ತರಕ್ಕಾಗಿ ಕಾದಿತೇ ಇಲ್ಲವೇ ಎಂಬುದನ್ನು ಕೇಳಬೇಕಾದವರು ಸಾಹಿತ್ಯ ಮತ್ತು ಭಾಷೆಯ ಅಭ್ಯಾಸಿಗಳು. ನಾವು ಕೇಳಲಿಲ್ಲ.

ಪ್ರಸ್ತುತ ಲೇಖನವು ಈ ಪ್ರಶ್ನೆಗಳನ್ನು ಯಾದಗಿರಿ, ಶಹಾಪುರ ಮತ್ತು ಸುರಪುರ ಸೀಮೆಗಳ ಹಿನ್ನೆಲೆಯಲ್ಲಿ ಎತ್ತಿಕೊಳ್ಳುತ್ತದೆ. ತರಗತಿಯಲ್ಲಿ ಬಳಕೆಯಾಗುವ ಯಾವುದೇ ಉಪಕರಣದ ಬೆಲೆಯನ್ನು ಅದರ ಹೊಸತನದಿಂದಾಗಲಿ, ಪರದೆಯ ಅಳತೆಯಿಂದಾಗಲಿ ಕಟ್ಟಲಾಗದು. ಅದು ಮಗುವಿಗೆ ಮಾತಿನ ಸರದಿಯನ್ನು ಬಿಟ್ಟುಕೊಡುತ್ತದೆಯೇ ಎಂಬುದರಿಂದ ಕಟ್ಟಬೇಕು ಎಂಬುದು ಇಲ್ಲಿಯ ನಿಲುವು. ಶಾಲೆಯ ಭಾಷೆಗೂ ಮನೆಯ ಭಾಷೆಗೂ ಅಂತರ ಹೆಚ್ಚಿರುವ ಸೀಮೆಯಲ್ಲಿ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ.

ಈ ಮೂರೂ ತಾಲ್ಲೂಕುಗಳು ಗುಲ್ಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು ಯಾದಗಿರಿ ಜಿಲ್ಲೆಯಾದದ್ದು ೨೦೦೯ರ ಕೊನೆಯಲ್ಲಿ. ಅನಂತರ ಗುರುಮಠಕಲ್, ವಡಗೇರಾ, ಹುಣಸಗಿ ಎಂಬ ಹೊಸ ತಾಲ್ಲೂಕುಗಳು ಇವುಗಳಿಂದಲೇ ಒಡೆದುಕೊಂಡವು. ೨೦೧೧ರ ಜನಗಣತಿಯ ಪ್ರಕಾರ ಜಿಲ್ಲೆಯ ಸಾಕ್ಷರತೆ ಶೇ. ೫೧.೮೩, ಅದೇ ವೇಳೆಗೆ ರಾಜ್ಯದ ಸರಾಸರಿ ಶೇ. ೭೫.೩೬. ಮಹಿಳೆಯರ ಸಾಕ್ಷರತೆ ಶೇ. ೪೧.೩೮. ರಾಜ್ಯದ ಎಲ್ಲ ಜಿಲ್ಲೆಗಳಿಗಿಂತ ಕೆಳಗಿನ ಅಂಕಿ ಇದು. ಇದರ ಅರ್ಥ ಸರಳವಾಗಿದೆ. ೨೦೨೦ರ ದಶಕದಲ್ಲಿ ಶಾಲೆಗೆ ಹೋಗುತ್ತಿರುವ ಮಕ್ಕಳಲ್ಲಿ ಬಹಳಷ್ಟು ಮಂದಿಯ ತಾಯಂದಿರಿಗೆ ಮಗುವಿನ ಪುಸ್ತಕವನ್ನು ಓದಿ ಹೇಳುವ ಅವಕಾಶ ಒದಗಿಲ್ಲ. ಮನೆಗೆಲಸವೆಂದು ಶಾಲೆ ಕೊಟ್ಟು ಕಳಿಸುವುದೆಲ್ಲ ಮನೆಯಲ್ಲಿ ಓದು ಬಲ್ಲವರಿದ್ದಾರೆಂಬ ನಂಬಿಕೆಯ ಮೇಲೆ ನಿಂತಿರುತ್ತದೆ. ಆ ನಂಬಿಕೆಗೆ ಇಲ್ಲಿ ಆಧಾರ ಕಡಿಮೆ.

ಇದಕ್ಕೆ ಚಾರಿತ್ರಿಕ ಕಾರಣಗಳಿವೆ. ನಿಜಾಮನ ಸಂಸ್ಥಾನದಲ್ಲಿ ಆಡಳಿತ ಮತ್ತು ಉನ್ನತ ಶಿಕ್ಷಣದ ಭಾಷೆ ಉರ್ದು. ೧೯೧೮ರಲ್ಲಿ ಸ್ಥಾಪನೆಗೊಂಡ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮವೂ ಉರ್ದುವೇ. ಮನೆಯ ಮಾತು ಬೇರೆ, ಓದಿನ ಮಾತು ಬೇರೆ ಎಂಬುದು ಈ ಸೀಮೆಯ ಅನೇಕ ತಲೆಮಾರುಗಳಿಗೆ ಸಹಜ ಸ್ಥಿತಿಯೇ ಆಗಿತ್ತು. ೧೯೪೮ರ ಬಳಿಕ, ವಿಶೇಷವಾಗಿ ೧೯೫೬ರ ಏಕೀಕರಣದ ಬಳಿಕ, ಓದಿನ ಮಾತು ಕನ್ನಡವಾಯಿತು. ಆದರೆ ಅದು ಮಗುವಿನ ಮನೆಯ ಕನ್ನಡವಾಗಲಿಲ್ಲ. ಮಗು ‘ಮನಿ’ ಎನ್ನುತ್ತದೆ, ಪುಸ್ತಕ ‘ಮನೆ’ ಎನ್ನುತ್ತದೆ. ಮಗು ‘ಸಾಲಿ’ಗೆ ಬರುತ್ತದೆ, ಫಲಕದ ಮೇಲೆ ‘ಶಾಲೆ’ ಎಂದಿರುತ್ತದೆ. ‘ಅಂವ ಓದ್ಲಕತ್ತಾನ’ ಎಂಬ ಮಾತು ‘ಅವನು ಓದುತ್ತಿದ್ದಾನೆ’ ಎಂದಾಗಬೇಕು. ಇವು ಕೇವಲ ಉಚ್ಚಾರಣೆಯ ಭೇದಗಳಲ್ಲ. ಕ್ರಿಯಾಪದದ ರಚನೆಯೇ ಬೇರೆ. ಇದರ ಮೇಲೆ ತಾಂಡಾಗಳ ಮಕ್ಕಳ ಲಂಬಾಣಿ, ಗುರುಮಠಕಲ್ ಕಡೆಯ ಗಡಿಭಾಗದ ತೆಲುಗು, ಪಟ್ಟಣಗಳ ದಖನಿ ಉರ್ದು ಇವೆ. ಆರು ವರ್ಷದ ಮಗು ಅಕ್ಷರವನ್ನೂ ಹೊಸ ನುಡಿರೂಪವನ್ನೂ ಒಟ್ಟಿಗೇ ಕಲಿಯಬೇಕು. ಸುರಪುರ ಸೀಮೆಯ ಮುದನೂರಿನವನಾದ ದೇವರ ದಾಸಿಮಯ್ಯನು ಆದ್ಯ ವಚನಕಾರರಲ್ಲಿ ಒಬ್ಬನೆಂದು ಸಾಹಿತ್ಯ ಚರಿತ್ರೆ ಹೇಳುತ್ತದೆ. ಆಡುಮಾತನ್ನು ಬರೆಹಕ್ಕೆ ಏರಿಸಿದವರ ನೆಲದಲ್ಲಿಯೇ ಮಗುವಿನ ಆಡುಮಾತು ತಪ್ಪೆಂದು ತಿದ್ದಿಸಿಕೊಳ್ಳುತ್ತಿರುವುದು ಸೋಜಿಗದ ಸಂಗತಿ.

ಇನ್ನೊಂದು ಅಂಶ ಹಾಜರಿಗೆ ಸಂಬಂಧಿಸಿದ್ದು. ಹತ್ತಿ ಬಿಡಿಸುವ ಮತ್ತು ಮೆಣಸಿನಕಾಯಿ ಹರಿಯುವ ಕಾಲದಲ್ಲಿ ಮೇಲಿನ ತರಗತಿಗಳ ಮಕ್ಕಳು, ಅದರಲ್ಲಿಯೂ ಹೆಣ್ಣುಮಕ್ಕಳು, ಶಾಲೆಗೆ ಬರುವುದು ನಿಲ್ಲುತ್ತದೆ. ಬೆಂಗಳೂರು, ಪುಣೆ, ಮುಂಬಯಿ, ಹೈದರಾಬಾದುಗಳ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಕುಟುಂಬಗಳೊಡನೆ ಮಕ್ಕಳೂ ಹೋಗುತ್ತಾರೆ. ನವೆಂಬರಿನಿಂದ ತಿಂಗಳುಗಳ ಕಾಲ ಬಿಟ್ಟುಹೋದ ಪಾಠವನ್ನು ಮಗು ಹಿಂದಿರುಗಿ ಬಂದಾಗ ಯಾರು ಮತ್ತೆ ಹೇಳಬೇಕು? ತಂತ್ರಜ್ಞಾನಕ್ಕೆ ಇಲ್ಲಿ ನಿಜವಾದ ಕೆಲಸವಿದೆ. ಬೇಸರವಿಲ್ಲದೆ ಅದೇ ಪಾಠವನ್ನು ಹತ್ತನೆಯ ಬಾರಿ ಹೇಳುವುದು ಯಂತ್ರಕ್ಕೆ ಸುಲಭ, ನಲವತ್ತು ಮಕ್ಕಳ ನಡುವೆ ನಿಂತ ಶಿಕ್ಷಕನಿಗೆ ಕಷ್ಟ.

ಈ ಹಿನ್ನೆಲೆಯಲ್ಲಿ ಕಾಲಕ್ರಮದಲ್ಲಿ ಬಂದ ಉಪಕರಣಗಳ ಪೈಕಿ ಮೊದಲು ಬಾನುಲಿಯನ್ನು ನೋಡಬೇಕು. ೨೦೦೦ರ ದಶಕದ ಮೊದಲ ವರ್ಷಗಳಲ್ಲಿ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯು ಆಕಾಶವಾಣಿಯ ಮೂಲಕ ‘ಚುಕ್ಕಿ ಚಿನ್ನ’, ‘ಚಿನ್ನರ ಚುಕ್ಕಿ’, ‘ಕೇಳಿ ಕಲಿ’ ಎಂಬ ಪಾಠಮಾಲೆಗಳನ್ನು ಪ್ರಸಾರ ಮಾಡಿತು. ಈ ಪಾಠಗಳ ಹಿಂದಿರುವ ಪದ್ಧತಿಗೆ ಸಂವಾದಾತ್ಮಕ ಬಾನುಲಿ ಬೋಧನೆ ಎಂದು ಹೆಸರು. ೧೯೭೦ರ ದಶಕದ ಮಧ್ಯದಲ್ಲಿ ನಿಕರಾಗುವಾ ದೇಶದ ಶಾಲೆಗಳಲ್ಲಿ ಗಣಿತ ಕಲಿಸಲು ಇದನ್ನು ರೂಪಿಸಲಾಯಿತು. ಪಾಠದ ಪಾತ್ರಗಳು ತಮ್ಮತಮ್ಮಲ್ಲಿ ಮಾತನಾಡುತ್ತ ತರಗತಿಯ ಮಕ್ಕಳಿಗೆ ಪ್ರಶ್ನೆ ಕೇಳುತ್ತವೆ. ಅನಂತರ ಕೆಲವು ಸೆಕೆಂಡು ಮೌನ. ಮಕ್ಕಳು ಉತ್ತರ ಹೇಳಿದ್ದಾರೆಂದು ಭಾವಿಸಿ ಪಾತ್ರವು ಸರಿಯುತ್ತರವನ್ನು ಹೇಳಿ ಮುಂದುವರಿಯುತ್ತದೆ.

ಆ ಕೆಲವು ಸೆಕೆಂಡುಗಳ ಮೌನವೇ ಈ ಪ್ರಕಾರದ ಮುಖ್ಯ ಗುಣವೆಂದು ನಮ್ಮ ಅಭಿಪ್ರಾಯ. ಭಾಷಣ, ಪ್ರವಚನ, ವಾರ್ತೆ ಇವುಗಳಿಗೆ ಒಗ್ಗಿದ್ದ ಬಾನುಲಿ ಇಲ್ಲಿ ಕೇಳುಗನಿಗಾಗಿ ಬಾಯಿ ಮುಚ್ಚಿಕೊಳ್ಳುತ್ತದೆ. ಈ ಸೀಮೆಯ ಮಕ್ಕಳಿಗೆ ಇಂಥ ರಚನೆ ಅಪರಿಚಿತವೂ ಅಲ್ಲ. ತತ್ವಪದ ಹಾಡುವ ಭಜನಾ ಮೇಳದಲ್ಲಿ ಒಬ್ಬರು ಸಾಲನ್ನು ಎತ್ತಿಕೊಡುತ್ತಾರೆ, ಮೇಳ ಹಿಂದಿನಿಂದ ಹಿಡಿಯುತ್ತದೆ. ಮೊಹರಮ್ಮಿನ ಪದಗಳಲ್ಲಿಯೂ ಸವಾಲು ಜವಾಬಿನ ಕ್ರಮವಿದೆ. ಎತ್ತಿಕೊಟ್ಟ ಮಾತನ್ನು ಹಿಡಿಯುವುದು ಇಲ್ಲಿ ಕಲಿಕೆಯ ಹಳೆಯ ದಾರಿ. ಆದರೆ ಬಾನುಲಿಯ ಮೌನಕ್ಕೆ ಒಂದು ಮಿತಿ ಇತ್ತು. ಅದು ಬೀದರಿಗೂ ಕೊಡಗಿಗೂ ಒಂದೇ ಅಳತೆಯದು. ಗ್ರಾಂಥಿಕ ಕನ್ನಡದ ಪ್ರಶ್ನೆಯನ್ನು ಮನಸ್ಸಿನಲ್ಲಿಯೇ ತನ್ನ ಮಾತಿಗೆ ತಿರುಗಿಸಿಕೊಂಡು, ಉತ್ತರವನ್ನು ಮತ್ತೆ ಗ್ರಾಂಥಿಕ ಕನ್ನಡಕ್ಕೆ ತಿರುಗಿಸಬೇಕಾದ ಮಗುವಿಗೆ ಆ ಸೆಕೆಂಡುಗಳು ಸಾಲುವುದಿಲ್ಲ. ಉತ್ತರ ನಾಲಿಗೆಯ ತುದಿಗೆ ಬರುವಷ್ಟರಲ್ಲಿ ಪೆಟ್ಟಿಗೆಯೇ ಉತ್ತರ ಹೇಳಿಬಿಟ್ಟಿರುತ್ತದೆ. ಸ್ಥಳೀಯ ನಿಲಯಗಳಿಂದ, ಕಲಬುರಗಿಯ ನುಡಿಯಲ್ಲಿ, ತುಸು ದೀರ್ಘ ವಿರಾಮಗಳೊಡನೆ ಈ ಪಾಠಗಳನ್ನು ಪುನಾರಚಿಸಿದ್ದರೆ ಅಗ್ಗದ ಈ ಉಪಕರಣ ಮುಂದೆ ಬಂದ ಅನೇಕ ದುಬಾರಿ ಉಪಕರಣಗಳಿಗಿಂತ ಹೆಚ್ಚು ಫಲ ಕೊಡುತ್ತಿತ್ತು ಎಂದರೆ ತಪ್ಪಾಗಲಾರದು.

ಕಂಪ್ಯೂಟರಿನ ಕಥೆ ಬೇರೆ ಬಗೆಯದು. ಪ್ರೌಢಶಾಲೆಗಳಿಗೆ ೨೦೦೧ರ ಸುಮಾರಿಗೆ ‘ಮಾಹಿತಿ ಸಿಂಧು’ ಬಂತು. ಯಂತ್ರಗಳನ್ನೂ ಕಲಿಸುವವರನ್ನೂ ಖಾಸಗಿ ಸಂಸ್ಥೆಗಳು ಗುತ್ತಿಗೆಯ ಮೇಲೆ ಒದಗಿಸಿದವು. ಗಣಿತದ ಮೇಷ್ಟ್ರಿಗೂ ಕನ್ನಡ ಪಂಡಿತರಿಗೂ ಆ ಕೋಣೆಯೊಳಗೆ ಕೆಲಸವಿರಲಿಲ್ಲ. ಗುತ್ತಿಗೆ ಮುಗಿದಾಗ ಕಲಿಸುವವರೂ ಹೊರಟುಹೋದರು. ಅದೇ ಕಾಲದಲ್ಲಿ ಕೇರಳದ ‘ಐ.ಟಿ. ಅಟ್ ಸ್ಕೂಲ್’ ಯೋಜನೆಯು ಶಾಲೆಯ ಶಿಕ್ಷಕರನ್ನೇ ತರಬೇತುಗೊಳಿಸಿ, ಮುಕ್ತ ತಂತ್ರಾಂಶವನ್ನು ಮಲಯಾಳಂನಲ್ಲಿ ಬಳಕೆಗೆ ತಂದಿತು. ಎರಡು ರಾಜ್ಯಗಳ ಈ ಮಾದರಿಗಳನ್ನು ಬೆಂಗಳೂರಿನ ‘ಐ.ಟಿ. ಫಾರ್ ಚೇಂಜ್’ ಸಂಸ್ಥೆ ಹೋಲಿಸಿ ನೋಡಿದಾಗ, ಶಿಕ್ಷಕರ ಕೈಗೆ ಯಂತ್ರವನ್ನು ಒಪ್ಪಿಸಿದ ಕಡೆಯಲ್ಲಿಯೇ ಅದು ಶಾಲೆಯ ಭಾಗವಾಗಿ ಉಳಿದದ್ದು ಕಂಡುಬಂತು.

ಪ್ರಾಥಮಿಕ ಶಾಲೆಗಳಿಗೆ ಸಂಬಂಧಿಸಿದಂತೆ ಈ ಸೀಮೆಯಲ್ಲಿ ಹೆಚ್ಚು ವಿಚಾರಯೋಗ್ಯವಾದದ್ದು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ಅನುಭವ. ಪ್ರತಿಷ್ಠಾನವು ೨೦೦೦ರ ದಶಕದಲ್ಲಿ ಕಂಪ್ಯೂಟರ್ ನೆರವಿನ ಕಲಿಕೆಗಾಗಿ ಅನೇಕ ಭಾಷೆಗಳಲ್ಲಿ ಬಹುಮಾಧ್ಯಮ ಸಿ.ಡಿ.ಗಳನ್ನು ಸಿದ್ಧಪಡಿಸಿ ಹಲವು ರಾಜ್ಯಗಳ ಸಾವಿರಾರು ಸರ್ಕಾರಿ ಶಾಲೆಗಳಿಗೆ ತಲುಪಿಸಿತು. ಅದೇ ದಶಕದಲ್ಲಿ ಅದು ಈಶಾನ್ಯ ಕರ್ನಾಟಕದಲ್ಲಿ ಕಲಿಕಾ ಖಾತರಿ ಕಾರ್ಯಕ್ರಮವನ್ನೂ, ಸುರಪುರ ತಾಲ್ಲೂಕಿನಲ್ಲಿ ಮಕ್ಕಳ ಸ್ನೇಹಿ ಶಾಲೆಗಳ ಉಪಕ್ರಮವನ್ನೂ ಸರ್ಕಾರದೊಡನೆ ನಡೆಸಿತು. ದಶಕದ ಕೊನೆಯ ವೇಳೆಗೆ ಸಿ.ಡಿ.ಗಳಿಂದ ನಿರೀಕ್ಷಿತ ಕಲಿಕೆ ಸಾಧ್ಯವಾಗಲಿಲ್ಲವೆಂಬ ತೀರ್ಮಾನಕ್ಕೆ ಬಂದು, ಪ್ರತಿಷ್ಠಾನವು ಅದನ್ನು ಬಹಿರಂಗವಾಗಿ ಹೇಳಿ, ಶಿಕ್ಷಕರ ಸಾಮರ್ಥ್ಯವರ್ಧನೆಯ ಕಡೆಗೆ ತಿರುಗಿತು. ಯಾದಗಿರಿಯಲ್ಲಿ ಅದರ ಜಿಲ್ಲಾ ಸಂಸ್ಥೆ ನೆಲೆಗೊಂಡದ್ದು ಈ ತಿರುವಿನ ಬಳಿಕ. ಮಾಹಿತಿ ತಂತ್ರಜ್ಞಾನದಿಂದ ಬೆಳೆದ ಸಂಪತ್ತಿನ ಮೇಲೆ ನಿಂತ ಸಂಸ್ಥೆಯೊಂದು ತಂತ್ರಜ್ಞಾನವೇ ಶಾಲೆಯ ಪರಿಹಾರವಲ್ಲ ಎಂದು ಹೇಳಿದ್ದಕ್ಕೆ ನಮ್ಮ ಶಿಕ್ಷಣ ಚರ್ಚೆಯಲ್ಲಿ ಸಲ್ಲಬೇಕಾದಷ್ಟು ಗಮನ ಸಂದಿಲ್ಲ.

ಸಿ.ಡಿ. ಪಾಠ ಎಂಬ ಪ್ರಕಾರವನ್ನು ಅದರ ರೂಪದಲ್ಲಿಯೇ ನೋಡಿದರೆ ಕಾರಣ ಭಾಗಶಃ ತಿಳಿಯುತ್ತದೆ. ಅದು ಪ್ರಶ್ನೆ ಕೇಳುತ್ತದೆ, ನಿಜ. ಆದರೆ ಉತ್ತರವನ್ನೂ ತಾನೇ ಮೂರು ನಾಲ್ಕು ಚೌಕಗಳಲ್ಲಿ ಬರೆದು ಇಟ್ಟಿರುತ್ತದೆ. ಮಗುವಿನ ಪಾಲಿಗೆ ಉಳಿಯುವುದು ಒಂದನ್ನು ಒತ್ತುವ ಕೆಲಸ. ಸರಿಯಾದರೆ ಚಪ್ಪಾಳೆ, ತಪ್ಪಾದರೆ ಮತ್ತೆ ಪ್ರಯತ್ನಿಸು ಎಂಬ ಧ್ವನಿ. ಒಂದು ಯಂತ್ರದ ಮುಂದೆ ಹಲವು ಮಕ್ಕಳು ಕುಳಿತಾಗ ಒತ್ತುವ ಕೈ ಒಂದೇ. ಅದು ಸಾಮಾನ್ಯವಾಗಿ ತರಗತಿಯಲ್ಲಿ ಮೊದಲೇ ಮುಂದಿರುವ ಮಗುವಿನದು. ತಪ್ಪು ಏಕೆ ತಪ್ಪು ಎಂದು ಕೇಳುವ ಅವಕಾಶವಿಲ್ಲ. ‘ಮನಿ’ ಎಂದು ಬರೆಯುವ ಮಗುವಿಗೆ ಅದು ನಿನ್ನ ಮಾತಿನಲ್ಲಿ ಸರಿ, ಪುಸ್ತಕದಲ್ಲಿ ಹೀಗೆ ಬರೆಯುತ್ತಾರೆ ಎಂದು ಹೇಳಬಲ್ಲ ತಂತ್ರಾಂಶವನ್ನು ಆ ಕಾಲದಲ್ಲಿ ಯಾರೂ ಮಾಡಲಿಲ್ಲ. ಆ ಮಾತನ್ನು ಹೇಳಬಲ್ಲವನು ಪಕ್ಕದಲ್ಲಿ ನಿಂತ ಶಿಕ್ಷಕ. ಅವನನ್ನು ವಿನ್ಯಾಸದಿಂದಲೇ ಹೊರಗಿಟ್ಟದ್ದು ದೊಡ್ಡ ಕೊರತೆ.

ಉಪಗ್ರಹ ಪಾಠದ ಬಗೆಗೆ ಹೆಚ್ಚು ಹೇಳಬೇಕಾದದ್ದಿಲ್ಲ. ೨೦೦೪ರ ಸೆಪ್ಟೆಂಬರಿನಲ್ಲಿ ಹಾರಿದ ಎಡುಸ್ಯಾಟ್ ಉಪಗ್ರಹದ ಮೂಲಕ ಮೊದಲು ಚಾಮರಾಜನಗರ ಜಿಲ್ಲೆಯ ೮೮೫ ಪ್ರಾಥಮಿಕ ಶಾಲೆಗಳಿಗೆ, ಬಳಿಕ ಅಂದಿನ ಗುಲ್ಬರ್ಗಾ ಜಿಲ್ಲೆಗೂ ಬೆಂಗಳೂರಿನ ಸ್ಟುಡಿಯೋದ ಪಾಠಗಳು ಬಂದವು. ಶಾಲೆಗಳಲ್ಲಿದ್ದುದು ಸ್ವೀಕರಿಸಲಷ್ಟೇ ಬರುವ ತಟ್ಟೆ. ಇಲ್ಲಿಂದ ಅಲ್ಲಿಗೆ ಏನನ್ನೂ ಹೇಳಲು ಬರುವಂತಿರಲಿಲ್ಲ. ವಿದ್ಯುತ್ತು ಇಲ್ಲದ ವೇಳೆಯಲ್ಲಿ ಪಾಠ ಆಕಾಶದಲ್ಲಿಯೇ ಉಳಿಯುತ್ತಿತ್ತು. ಹತ್ತಿ ಹೊಲದಲ್ಲಿದ್ದ ಮಗುವಿಗೆ ನಿಗದಿತ ಗಂಟೆಯ ಪ್ರಸಾರದಿಂದ ಪ್ರಯೋಜನವಿರಲಿಲ್ಲ. ೨೦೧೦ರಲ್ಲಿ ಉಪಗ್ರಹದ ಆಯುಸ್ಸು ಮುಗಿಯಿತು.

ಪರದೆಯಿಂದ ಪ್ರಯೋಜನವೇ ಇಲ್ಲವೆಂಬುದು ಇದರ ತಾತ್ಪರ್ಯವಲ್ಲ. ಕಾಣದ್ದನ್ನು ಕಾಣಿಸುವ ಕಡೆಯಲ್ಲಿ ಅದಕ್ಕೆ ಸಾಟಿ ಇಲ್ಲ. ಹೃದಯದ ಕವಾಟ ತೆರೆದು ಮುಚ್ಚುವುದನ್ನು, ಲವಣವು ನೀರಿನಲ್ಲಿ ಕರಗುವಾಗ ಅಣುಗಳಿಗೆ ಏನಾಗುತ್ತದೆಂಬುದನ್ನು ಕರಿಹಲಗೆಯ ಮೇಲೆ ಖಡುವಿನಿಂದ ಎಷ್ಟು ಬರೆದರೂ ಅಷ್ಟಕ್ಕಷ್ಟೇ. ಸಮುದ್ರ ಕಾಣದ ಮಗುವಿಗೆ ಉಬ್ಬರವಿಳಿತವನ್ನು ತೋರಿಸಲು ಚಲಿಸುವ ಚಿತ್ರವೇ ಬೇಕು. ಸಮೀಪದ್ದನ್ನು ತೋರಿಸುವುದಕ್ಕೂ ಅದು ಬೇಕು ಎಂಬುದನ್ನು ಮಾತ್ರ ನಾವು ಮರೆತಿದ್ದೇವೆ. ಶಹಾಪುರ ಸೀಮೆಯ ಎದುರಿಗೆ, ಭೀಮೆಯ ದಡದ ಕನಗನಹಳ್ಳಿಯಲ್ಲಿ ೧೯೯೦ರ ದಶಕದ ಉತ್ಖನನದಿಂದ ಹೊರಬಂದ ಸ್ತೂಪದಲ್ಲಿ ಅಶೋಕನ ಶಿಲ್ಪವಿದೆ. ಅದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ಅವನ ಹೆಸರಿದೆ. ಆ ಅಕ್ಷರಗಳನ್ನು ಗೋಡೆಯಷ್ಟು ದೊಡ್ಡದು ಮಾಡಿ ತೋರಿಸಿ, ಒಂದೊಂದಾಗಿ ಮಕ್ಕಳಿಂದಲೇ ಓದಿಸಬಹುದು. ಸುರಪುರ ಶೈಲಿಯ ಕಿರುಚಿತ್ರಗಳ ಬಂಗಾರದ ಗೆರೆಗಳನ್ನು ಸುರಪುರದ ಮಗುವೇ ಇನ್ನೂ ಹತ್ತಿರದಿಂದ ಕಂಡಿರಲಾರದು. ನಾರಾಯಣಪುರದ ಅಣೆಕಟ್ಟೆಯಿಂದ ಕಾಲುವೆಯ ನೀರು ಯಾವ ಊರಿನ ಗದ್ದೆಗೆ ಹೇಗೆ ಇಳಿಯುತ್ತದೆಂಬುದನ್ನು ಉಪಗ್ರಹ ನಕ್ಷೆಯಲ್ಲಿ ತನ್ನ ಊರನ್ನೇ ಹುಡುಕಿ ತಿಳಿಯಬಹುದು. ಈಗ ಲಭ್ಯವಿರುವ ಡಿಜಿಟಲ್ ಪಾಠಗಳು ಇಡೀ ರಾಜ್ಯಕ್ಕೆ ಒಂದೇ ಆಗಿ ಸಿದ್ಧವಾಗುವುದರಿಂದ ಇಂಥ ಸಂಗತಿಗಳಿಗೆ ಅವುಗಳಲ್ಲಿ ಸ್ಥಳ ಸಿಗುವುದು ಕಷ್ಟ.

ಅನ್ಯತ್ರ ನಡೆದ ಸಂಶೋಧನೆಗಳೂ ಇದೇ ದಿಕ್ಕಿನಲ್ಲಿವೆ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೋ ಮತ್ತು ಸಂಗಡಿಗರು ವಡೋದರದ ಶಾಲೆಗಳಲ್ಲಿ ನಡೆಸಿ ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೆ ಎರಡು ಗಂಟೆಗಳ ಕಂಪ್ಯೂಟರ್ ಅಭ್ಯಾಸದಿಂದ ನಾಲ್ಕನೆಯ ತರಗತಿಯ ಮಕ್ಕಳ ಗಣಿತ ಗಣನೀಯವಾಗಿ ಸುಧಾರಿಸಿತು. ಭಾಷೆಯಲ್ಲಿ ಪರಿಣಾಮ ಕಾಣಲಿಲ್ಲ. ಲೀ ಲಿಂಡನ್ ೨೦೦೮ರಲ್ಲಿ ಗುಜರಾತಿನ ಜ್ಞಾನಶಾಲಾ ಸಂಸ್ಥೆಯ ಶಾಲೆಗಳ ಬಗೆಗೆ ಬರೆದದ್ದು ಇನ್ನೂ ಸ್ಪಷ್ಟ. ಶಿಕ್ಷಕರ ಪಾಠದ ಬದಲಿಗೆ ಕಂಪ್ಯೂಟರ್ ಇಟ್ಟ ಕಡೆಯಲ್ಲಿ ಮಕ್ಕಳು ಹಿಂದುಳಿದರು, ಪಾಠದ ಜೊತೆಗೆ ಹೆಚ್ಚುವರಿಯಾಗಿ ಇಟ್ಟ ಕಡೆಯಲ್ಲಿ ಮುಂದುವರಿದರು. ದೆಹಲಿಯಲ್ಲಿ ಶಾಲೆಯ ವೇಳೆಯ ಹೊರಗೆ ‘ಮೈಂಡ್‌ಸ್ಪಾರ್ಕ್’ ಎಂಬ ತಂತ್ರಾಂಶದೊಡನೆ ನಾಲ್ಕೂವರೆ ತಿಂಗಳು ಅಭ್ಯಾಸ ಮಾಡಿದ ಮಕ್ಕಳು ಗಣಿತ ಮತ್ತು ಹಿಂದಿ ಎರಡರಲ್ಲಿಯೂ ಗಮನಾರ್ಹವಾಗಿ ಮುಂದೆ ಬಂದರೆಂದು ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು ೨೦೧೯ರಲ್ಲಿ ಪ್ರಕಟಿಸಿದರು. ಅಲ್ಲಿ ತಂತ್ರಾಂಶವು ಮಗು ಯಾವ ತರಗತಿಯಲ್ಲಿ ಕುಳಿತಿದೆ ಎಂಬುದನ್ನು ಬಿಟ್ಟು, ಏನನ್ನು ಬಲ್ಲುದು ಎಂಬುದರಿಂದ ಆರಂಭಿಸುತ್ತಿತ್ತು. ಅರ್ಧ ವೇಳೆ ಯಂತ್ರದೊಡನೆ, ಇನ್ನರ್ಧ ವೇಳೆ ಸಣ್ಣ ಗುಂಪಿನಲ್ಲಿ ಬೋಧಕರೊಡನೆ. ಈ ಫಲಿತಾಂಶದಲ್ಲಿ ಯಂತ್ರದ ಪಾಲೆಷ್ಟು, ಬೋಧಕರ ಪಾಲೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ತಿಂಗಳುಗಟ್ಟಲೆ ಗೈರುಹಾಜರಾಗಿ ಬರುವ ನಮ್ಮ ಮಕ್ಕಳ ದೃಷ್ಟಿಯಿಂದ ನೋಡಿದರೆ ಮಗು ನಿಂತ ಸ್ಥಳದಿಂದಲೇ ಆರಂಭಿಸುವ ಗುಣ ಮುಖ್ಯವಾದದ್ದು.

ಈ ಗುಣ ವಿದ್ಯುತ್ತಿನ ಉಪಕರಣಕ್ಕೆ ಮಾತ್ರ ಮೀಸಲಾದದ್ದೂ ಅಲ್ಲ. ಹೆಗ್ಗಡದೇವನಕೋಟೆಯಲ್ಲಿ ೧೯೯೫ರಲ್ಲಿ ಶಿಕ್ಷಕರೇ ಸೇರಿ ಆರಂಭಿಸಿ, ೨೦೦೯-೧೦ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿ-ಕಲಿಯ ಕಾರ್ಡುಗಳು ಮತ್ತು ಕಲಿಕಾ ಏಣಿ ಇದನ್ನೇ ಕಾಗದದಲ್ಲಿ ಮಾಡುತ್ತವೆ. ಊರಿಗೆ ಮರಳಿದ ಮಗು ಏಣಿಯ ಯಾವ ಮೆಟ್ಟಿಲಿನಲ್ಲಿ ಬಿಟ್ಟಿತ್ತೋ ಅಲ್ಲಿಂದ ಹತ್ತಬಹುದು. ಅಕ್ಷರ ಫೌಂಡೇಶನ್ ರೂಪಿಸಿ ಈ ಭಾಗದ ಶಾಲೆಗಳಿಗೂ ಬಂದ ಗಣಿತ ಕಲಿಕಾ ಆಂದೋಲನದ ಪೆಟ್ಟಿಗೆಯಲ್ಲಿ ಮಣಿಚೌಕಟ್ಟು, ಭಿನ್ನರಾಶಿಯ ಪಟ್ಟಿಗಳು, ಸ್ಥಾನಬೆಲೆಯ ಸಾಧನಗಳಿವೆ. ನಾಲ್ವತ್ತು ಗುಂಟೆಗೆ ಒಂದು ಎಕರೆ ಎಂದು ಮನೆಯಲ್ಲಿ ಕೇಳಿ ಬಲ್ಲ, ಬಿಡಿಸಿದ ಹತ್ತಿಗೆ ಕಿಲೋ ಲೆಕ್ಕದಲ್ಲಿ ಕೂಲಿ ಎಣಿಸುವುದನ್ನು ಕಣ್ಣಾರೆ ಕಂಡ ಮಗುವಿಗೆ ಭಿನ್ನರಾಶಿ ಪರಕೀಯವಲ್ಲ. ಹತ್ತು ಗುಂಟೆ ಎಕರೆಯ ಕಾಲುಭಾಗ ಎಂಬುದು ಪಟ್ಟಿಯ ಮೇಲೆ ಕೈಯಿಟ್ಟು ಹೇಳಬಹುದಾದ ಮಾತು. ತಂತ್ರಜ್ಞಾನ ಎಂಬ ಶಬ್ದದ ವ್ಯಾಪ್ತಿಯಿಂದ ಇವನ್ನು ಹೊರಗಿಡುವುದು ಅಂಗಡಿಯವರ ವ್ಯಾಖ್ಯಾನವೇ ಹೊರತು ಶಿಕ್ಷಣದ ವ್ಯಾಖ್ಯಾನವಲ್ಲ.

೨೦೨೦ರಲ್ಲಿ ಶಾಲೆಗಳು ಮುಚ್ಚಿದಾಗ ಎಲ್ಲವೂ ಒಮ್ಮೆಲೇ ಪರೀಕ್ಷೆಗೆ ಒಳಗಾಯಿತು. ಪಠ್ಯಪುಸ್ತಕದ ಪುಟಗಳಲ್ಲಿ ಅದಕ್ಕೂ ಮೊದಲೇ ಕ್ಯೂ.ಆರ್. ಸಂಕೇತಗಳು ಬಂದಿದ್ದವು, ಅವು ‘ದೀಕ್ಷಾ’ ಜಾಲತಾಣದ ಪಾಠಗಳಿಗೆ ಕರೆದೊಯ್ಯುತ್ತವೆ. ಆದರೆ ಆ ಚೌಕದ ಬೀಗ ತೆಗೆಯಲು ಬೇಕಾದ ಫೋನು ದುಡಿಯುವವರ ಕಿಸೆಯಲ್ಲಿ ಹೊಲಕ್ಕೋ ಪರವೂರಿಗೋ ಹೋಗಿರುತ್ತದೆ. ದೂರದರ್ಶನದ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು. ಅವು ಎಡುಸ್ಯಾಟಿನ ಗುಣದೋಷಗಳನ್ನೇ ಹೊತ್ತಿದ್ದವು. ಅದೇ ಆಗಸ್ಟಿನಲ್ಲಿ ಆರಂಭವಾದ ‘ವಿದ್ಯಾಗಮ’ದಲ್ಲಿ ಶಿಕ್ಷಕರು ಗುಡಿಯ ಕಟ್ಟೆ, ಮರದ ನೆರಳು, ಸಮುದಾಯ ಭವನಗಳಿಗೆ ಹೋಗಿ ಮಕ್ಕಳ ಸಣ್ಣ ಗುಂಪುಗಳಿಗೆ ಪಾಠ ಹೇಳಿದರು. ಸೋಂಕಿನ ಭೀತಿಯಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ಯಂತ್ರವಿಲ್ಲದ ಈ ಕ್ರಮದಲ್ಲಿಯೇ ಮಗು ಬಾಯಿ ತೆರೆದು ಉತ್ತರ ಹೇಳುವ ಅವಕಾಶ ಹೆಚ್ಚಾಗಿತ್ತು ಎಂಬುದನ್ನು ಗಮನಿಸಬೇಕು.

ಆ ದಿನಗಳಲ್ಲಿಯೇ ಆಫ್ರಿಕದ ಬೋಟ್ಸ್‌ವಾನಾದಲ್ಲಿ ಒಂದು ಪ್ರಯೋಗ ನಡೆಯಿತು. ನೋಮ್ ಆಂಗ್ರಿಸ್ಟ್ ಮತ್ತು ಸಂಗಡಿಗರು ಅದನ್ನು ೨೦೨೨ರಲ್ಲಿ ಪ್ರಕಟಿಸಿದರು. ಕೆಲವು ಮನೆಗಳಿಗೆ ವಾರಕ್ಕೊಮ್ಮೆ ಲೆಕ್ಕದ ಸಮಸ್ಯೆಗಳನ್ನು ಸಂದೇಶವಾಗಿ ಮಾತ್ರ ಕಳಿಸಲಾಯಿತು. ಇನ್ನು ಕೆಲವು ಮನೆಗಳಿಗೆ ಸಂದೇಶದ ಜೊತೆಗೆ ಬೋಧಕರು ಸಾಧಾರಣ ಫೋನಿಗೆ ಕರೆ ಮಾಡಿ ಕೆಲವು ನಿಮಿಷ ಮಗುವಿನೊಡನೆ ಮಾತನಾಡಿದರು. ಸಂದೇಶದಿಂದ ಮಾತ್ರ ಕಲಿಕೆ ಹೆಚ್ಚಲಿಲ್ಲ, ಕರೆ ಸೇರಿದಾಗ ಹೆಚ್ಚಿತು. ಭಾರತವೂ ಸೇರಿದಂತೆ ಐದು ದೇಶಗಳಲ್ಲಿ ಮುಂದೆ ಇದನ್ನು ಪರೀಕ್ಷಿಸಲಾಗಿದೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ‘ಗಣಿತ-ಗಣಕ’ ಎಂಬ ಹೆಸರಿನಲ್ಲಿ ಬಂದಿರುವುದು ಈ ಕ್ರಮವೇ. ಶಿಕ್ಷಕರು ಶಾಲೆಯ ವೇಳೆಯ ಬಳಿಕ ಮಗುವಿಗೆ ಕರೆ ಮಾಡುತ್ತಾರೆ. ಚಿತ್ರವಿಲ್ಲ, ಬಣ್ಣವಿಲ್ಲ, ಜಾಲದ ಸಂಪರ್ಕವೂ ಬೇಕಿಲ್ಲ. ಇರುವುದು ಒಂದು ಧ್ವನಿ ಮತ್ತು ಅದು ಕಾಯುವ ಹೊತ್ತು. ಅತ್ತ ಕಡೆಯಿಂದ ಮಗು ‘ಏಳು ಸರ’ ಎಂದು ತನ್ನದೇ ಕನ್ನಡದಲ್ಲಿ ಉತ್ತರಿಸಿದರೆ ಇತ್ತ ಕಡೆಯ ಶಿಕ್ಷಕರಿಗೆ ಅದು ತಿಳಿಯುತ್ತದೆ. ಬಾನುಲಿಯ ವಿರಾಮಕ್ಕೆ ಇದ್ದ ಮಿತಿ ಇಲ್ಲಿ ನೀಗಿದೆ. ಶಿಕ್ಷಕರ ದುಡಿಮೆಯ ಗಂಟೆಗಳು ಇದರಿಂದ ಹೆಚ್ಚುತ್ತವೆ ಎಂಬ ಆಕ್ಷೇಪಣೆ ನ್ಯಾಯವಾದದ್ದೇ; ಅದಕ್ಕೆ ಸರ್ಕಾರ ಉತ್ತರ ಹೇಳಬೇಕು.

ಇಷ್ಟೆಲ್ಲದರ ನಡುವೆ ನಮ್ಮ ಶಾಲೆಗಳಲ್ಲಿ ತಂತ್ರಜ್ಞಾನವು ತಪ್ಪದೆ, ಕೆಡದೆ, ನಿಗದಿತ ದಿನಕ್ಕೆ ಸರಿಯಾಗಿ ತಲುಪಿದ ಸಂದರ್ಭ ಯಾವುದೆಂದರೆ ೨೦೨೪ರ ಎಸ್.ಎಸ್.ಎಲ್.ಸಿ. ಪರೀಕ್ಷೆ. ಪರೀಕ್ಷಾ ಕೋಣೆಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಲಾಯಿತು. ರಾಜ್ಯದ ಫಲಿತಾಂಶ ೨೦೨೩ರ ಶೇ. ೮೩.೮೯ರಿಂದ ಶೇ. ೭೩.೪೦ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ. ೨೦ಕ್ಕೆ ಏರಿಸಿದ ಮೇಲೆ. ಯಾದಗಿರಿ ಜಿಲ್ಲೆ ಶೇ. ೭೫.೪೯ರಿಂದ ಶೇ. ೫೦.೫೯ಕ್ಕೆ ಇಳಿದು ಎರಡೂ ವರ್ಷ ಕೊನೆಯ ಸ್ಥಾನದಲ್ಲಿತ್ತು. ಈ ಕುಸಿತಕ್ಕೆ ಕ್ಯಾಮೆರಾ ಒಂದೇ ಕಾರಣವೆಂದು ಹೇಳುವಂತಿಲ್ಲ. ೨೦೨೪ರಲ್ಲಿ ಪರೀಕ್ಷೆ ಬರೆದ ಮಕ್ಕಳು ಆರು ಮತ್ತು ಏಳನೆಯ ತರಗತಿಗಳ ಹೊತ್ತಿಗೆ ಶಾಲೆಯ ಬಾಗಿಲು ಮುಚ್ಚಿದ್ದನ್ನು ಕಂಡವರು. ನಕಲು ತಡೆಯುವುದು ಬೇಡವೆಂದೂ ಯಾರೂ ಹೇಳಲಾರರು. ಆದರೆ ಹತ್ತು ವರ್ಷ ಮಗುವಿಗೆ ಕಿವಿಗೊಡದ ಯಂತ್ರ ಹನ್ನೊಂದನೆಯ ವರ್ಷದ ಬಾಗಿಲಲ್ಲಿ ಕಣ್ಣು ತೆರೆದು ಕುಳಿತಿರುವುದು ಯಾವ ಬಗೆಯ ಶೈಕ್ಷಣಿಕ ತಂತ್ರಜ್ಞಾನ? ಜಿಲ್ಲೆಯ ಅರ್ಧದಷ್ಟು ಮಕ್ಕಳು ಅನುತ್ತೀರ್ಣರೆಂಬುದು ಅಳತೆಯ ನಿಖರತೆಯನ್ನು ತೋರಿಸಬಹುದು. ಆ ಮಕ್ಕಳಲ್ಲಿ ಅನೇಕರಿಗೆ ಅದೇ ಶಾಲೆಯ ಕೊನೆಯ ದಿನವೂ ಹೌದು.

ಹಾಗಾದರೆ ಮಾಡಬಹುದಾದದ್ದೇನು ಎಂಬ ಪ್ರಶ್ನೆಗೆ ಅರ್ಧ ಉತ್ತರ ರಾಜ್ಯದಲ್ಲಿಯೇ ಇದೆ. ವಿಷಯ ಶಿಕ್ಷಕರ ವೇದಿಕೆಗಳ ಮೂಲಕ ಬೆಳೆದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣದಲ್ಲಿ ೨೦೧೩ರ ಸುಮಾರಿನಿಂದ ಶಿಕ್ಷಕರೇ ಕನ್ನಡದಲ್ಲಿ ಪಾಠಸಾಮಗ್ರಿ ಬರೆದು ಸೇರಿಸುತ್ತ ಬಂದಿದ್ದಾರೆ. ಮುಕ್ತ ಪರವಾನಗಿಯ ಸಾಮಗ್ರಿಯನ್ನು ಬೇರೆಯವರು ತಿದ್ದಬಹುದು, ತಮ್ಮ ಊರಿಗೆ ಹೊಂದಿಸಿಕೊಳ್ಳಬಹುದು. ಈ ತಿದ್ದುವ ಅಧಿಕಾರವೇ ಇಲ್ಲಿ ಮುಖ್ಯ. ಸುರಪುರದ ಶಿಕ್ಷಕಿಯೊಬ್ಬರು ಒಂದನೆಯ ತರಗತಿಯ ಪಾಠವನ್ನು ಮೊದಲು ಊರ ಮಾತಿನಲ್ಲಿ ತಮ್ಮ ಫೋನಿಗೆ ಹೇಳಿ, ಅನಂತರ ಪುಸ್ತಕದ ಮಾತಿಗೆ ದಾಟಿಸಿ, ನಡುವೆ ಮಕ್ಕಳ ಉತ್ತರಕ್ಕೆ ಸಾಕಷ್ಟು ಬಿಡುವು ಕೊಟ್ಟು ಮುದ್ರಿಸಿಕೊಂಡರೆ ಅದಕ್ಕೆ ತಗಲುವ ವೆಚ್ಚ ಅತ್ಯಲ್ಪ. ತಾಂಡಾದ ಅಜ್ಜಿಯ ಕಥೆಯನ್ನು ಲಂಬಾಣಿಯಲ್ಲಿ ಮುದ್ರಿಸಿ, ಮಕ್ಕಳಿಂದಲೇ ಕನ್ನಡಕ್ಕೆ ಹೇಳಿಸಿ ಬರೆಸಬಹುದು. ಗುಳೆಯಿಂದ ಬಂದ ಮಗು ಬಿಟ್ಟ ಪಾಠವನ್ನು ತನ್ನ ಶಿಕ್ಷಕಿಯ ಧ್ವನಿಯಲ್ಲಿಯೇ ಮತ್ತೆ ಕೇಳಬಹುದು. ಇಂಥವನ್ನು ಮಾಡುತ್ತಿರುವ ಶಿಕ್ಷಕರು ಅಲ್ಲಲ್ಲಿ ಇರುವುದು ಸಹಜ. ಆದರೆ ಅವರ ಕೆಲಸಕ್ಕೆ ಇಲಾಖೆಯ ನಮೂನೆಗಳಲ್ಲಿ ಕಾಲಂ ಇಲ್ಲ.

ಉಳಿದರ್ಧ ಉತ್ತರ ವಿಮರ್ಶಕರಿಗೂ ಗ್ರಂಥಾಲಯಗಳಿಗೂ ಸಂಬಂಧಿಸಿದ್ದು. ವಿಮರ್ಶೆಗೆ ಪಠ್ಯ ಎದುರಿಗಿರಬೇಕು. ೧೯೫೪ರ ಪುಸ್ತಕ ಸಲ್ಲಿಕೆ ಕಾಯ್ದೆಯಂತೆ ದೇಶದಲ್ಲಿ ಪ್ರಕಟವಾಗುವ ಪ್ರತಿಯೊಂದು ಪುಸ್ತಕದ ಪ್ರತಿಗಳು ರಾಷ್ಟ್ರೀಯ ಗ್ರಂಥಾಲಯಕ್ಕೂ ಇತರ ನಿಗದಿತ ಗ್ರಂಥಾಲಯಗಳಿಗೂ ಸಲ್ಲಬೇಕು. ಬಾನುಲಿ ಪಾಠಕ್ಕೂ ಸಿ.ಡಿ. ಪಾಠಕ್ಕೂ ಈ ಕಾಯ್ದೆ ಅನ್ವಯಿಸುವುದಿಲ್ಲ. ಒಂದು ತಲೆಮಾರಿನ ಮಕ್ಕಳು ಯಾವ ಧ್ವನಿಯನ್ನು ಕೇಳಿ ಬೆಳೆದರೆಂಬುದಕ್ಕೆ ಸಾಕ್ಷಿಯಾದ ಈ ಸಾಮಗ್ರಿ ಕಾಯ್ದೆಯ ರಕ್ಷಣೆಯಿಲ್ಲದೆ, ಇಲಾಖೆಯ ಕಪಾಟು ಮತ್ತು ವ್ಯಕ್ತಿಗಳ ಸಂಗ್ರಹವನ್ನೇ ನಂಬಿಕೊಂಡಿರಬೇಕಾಗಿದೆ. ಸಿ.ಡಿ. ಹಾಕುವ ಬಾಗಿಲೇ ಹೊಸ ಕಂಪ್ಯೂಟರುಗಳಲ್ಲಿ ಇಲ್ಲವಾಗಿದೆ. ಕಲಬುರಗಿಯ ವಿಶ್ವವಿದ್ಯಾಲಯಗಳಾಗಲಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯವಾಗಲಿ ಇವುಗಳ ಸಂಗ್ರಹಕ್ಕೆ ಕೈಹಾಕುವುದಾದರೆ ಬಾನುಲಿ ಪಾಠಗಳ ಲಿಖಿತ ಪ್ರತಿಗಳಿಂದ ಆರಂಭಿಸುವುದು ಉಚಿತ. ಸಂವಾದಾತ್ಮಕ ಬಾನುಲಿ ಪಾಠದ ಬರೆಹದಲ್ಲಿ ಪಾತ್ರಗಳ ಮಾತಿನ ನಡುವೆ ಮಕ್ಕಳ ಉತ್ತರಕ್ಕಾಗಿ ಬಿಡಬೇಕಾದ ವಿರಾಮವನ್ನು ಸೆಕೆಂಡುಗಳಲ್ಲಿ ಗುರುತಿಸುವುದು ವಾಡಿಕೆ. ಯಾದಗಿರಿಯ ತರಗತಿಯೊಂದರಲ್ಲಿ ಅದೇ ಪ್ರಶ್ನೆಗೆ ಮಕ್ಕಳು ತೆಗೆದುಕೊಳ್ಳುವ ಹೊತ್ತನ್ನು ಆ ಅಂಕಿಯ ಪಕ್ಕದಲ್ಲಿ ಬರೆದು ನೋಡಬಹುದು.